ಈ ಸಲ ಸಂಕ ಹಾಕಲಿಲ್ಲ

ಹೊನ್ನೆಹಡ್ಲು, ಕಳಸ
28 ಮೇ 2024

ಪ್ರೀತಿಯ ಅಮ್ಮಾ,

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ, ಆಮೇಲೆ ಧೈರ್ಯ ಬರಲಿಕ್ಕಿಲ್ಲ. ನಮ್ಮ ಹಡ್ಲಿನ ಏಳೂ ಮನೆಯವರು ಕಳಸದ ಪೇಟೆಯಲ್ಲಿ ನಿಂತು ‘ಪ್ರಾಣ ಬಿಟ್ಟೇವು, ಮನೆ ಬಿಡೆವು’ ಎಂದು ಕೂಗಿದ ದಿನ ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವನು ನಾನು. ಆದರೆ ಒಳಗೊಳಗೆ ನನಗೆ ಹೋಗಬೇಕು ಅಂತಲೇ ಇತ್ತು. ಕರೆಂಟ್ ಇರುವ, ಮಳೆಗಾಲದಲ್ಲೂ ಮನೆ ಬಾಗಿಲಿಗೆ ಆಟೋ ಬರುವ ಯಾವುದಾದರೂ ಊರಿಗೆ. ಅಪ್ಪನಿಗೂ ಹೇಳಿಲ್ಲ, ನಿನಗೂ ಹೇಳಿಲ್ಲ. ನನ್ನ ಮಗ ಇದ್ದದ್ದನ್ನು ಇದ್ದ ಹಾಗೆ ಹೇಳುವವನು ಎಂದು ನೀನು ಯಾರ ಹತ್ತಿರವಾದರೂ ಹೇಳುವಾಗೆಲ್ಲ ನಾನು ಸೌದೆ ತರುವ ನೆಪದಲ್ಲಿ ಎದ್ದು ಹೋಗುತ್ತಿದ್ದೆ.

ನೀನು ಹೇಗಿದ್ದೀಯ? ಡಯಾಲಿಸಿಸ್ ಆದ ದಿನ ವಾಂತಿ ಬರುವುದು ಕಡಿಮೆಯಾಯಿತಾ? ಉಮೇಶ ಮಾವ ಈಗಲೂ ಅವರ ಮನೆಯಿಂದ ಸ್ಕೂಟರಿನಲ್ಲೇ ನಿನ್ನನ್ನು ಚಿಕ್ಕಮಗಳೂರಿಗೆ ಕರೆದುಕೊಂಡು ಹೋಗುತ್ತಾರಾ? ವಸ್ತಾರೆ ದಾಟಿದ ಮೇಲೆ ರಸ್ತೆ ಹಾಳಾಗಿದೆಯಂತೆ, ನಿಧಾನ ಹೋಗಲು ಹೇಳು. ಇದು ಮಿಡಿ ಉಪ್ಪಿನಕಾಯಿಯ ಕಾಲ, ಅತ್ತೆ ಭರಣಿ ಮುಚ್ಚಿಡಲಿ. ನಿನ್ನ ಬಾಯಿ ಚಪಲ ನನಗೆ ಗೊತ್ತು. ನಾವಿಬ್ಬರೂ ಹುಷಾರಾಗಿದ್ದೇವೆ. ಅಪ್ಪ ಮಾಡುವ ಹುರುಳಿ ಸಾರನ್ನು ನಾಯಿ ಒಮ್ಮೆ ಮೂಸಿ ನನ್ನ ಮುಖ ನೋಡುತ್ತದೆ, ಅಷ್ಟೇ ತೊಂದರೆ.

ಎರಡು ವರ್ಷದ ಹಿಂದೆ ಜುಲೈ ಮಳೆಯಲ್ಲಿ ನಿನ್ನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹಳ್ಳದ ಮೇಲಿನ ಮರದ ಸಂಕ ದಾಟಿಸಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮುಂದೆ ಚನ್ನಕೇಶವಣ್ಣ, ಹಿಂದೆ ಅಪ್ಪ, ಕೆಳಗೆ ಕೆಂಪು ನೀರು. ಆಚೆ ದಡದಲ್ಲಿ ಜೀಪು ಹತ್ತುವಾಗ ನೀನು ತಿರುಗಿ ಹೇಳಿದ್ದು ಒಂದೇ ಮಾತು: “ಸಂಕ ಸರಿಯಾಗಿ ಹಾಕಿಡಿ, ನಾನು ಬರ್ತೀನಿ.” ಅಪ್ಪ ಅದನ್ನೇ ಹಿಡಿದುಕೊಂಡು ಕೂತರು. ನ್ಯಾಷನಲ್ ಪಾರ್ಕಿನ ಒಳಗಿರುವವರು ಒಪ್ಪಿ ಹೊರಗೆ ಬಂದರೆ ಪರಿಹಾರ ಕೊಡುತ್ತೇವೆ, ಒತ್ತಾಯವೇನೂ ಇಲ್ಲ ಎಂದು ಫಾರೆಸ್ಟ್ ಸಾಹೇಬರುಗಳು ಹೇಳುತ್ತಲೇ ಇದ್ದರು. ಒತ್ತಾಯ ಯಾರೂ ಮಾಡಲಿಲ್ಲ, ಅದು ನಿಜ. ಸಂಕದ ಜಾಗದಲ್ಲಿ ಸಿಮೆಂಟಿನ ಕಾಲುಸೇತುವೆ ಕೇಳಿದರೆ ಪರ್ಮಿಷನ್ ಇಲ್ಲ, ಕರೆಂಟ್ ಕಂಬಕ್ಕೆ ಪರ್ಮಿಷನ್ ಇಲ್ಲ. ಹಾಗೆ ಒಂದೊಂದೇ ಮನೆ ಖಾಲಿಯಾಯಿತು. ಹೋರಾಟ ಸಮಿತಿ ಕಟ್ಟಿದ ಚನ್ನಕೇಶವಣ್ಣನೇ ದೀಪಾವಳಿ ಮುಗಿದ ಮೇಲೆ ಹೊರಟರು. ಮೊನ್ನೆ ಕಳಸದಲ್ಲಿ ಸಿಕ್ಕಿದ್ದರು. ನನ್ನ ಮುಖ ನೋಡದೆ, ಬೂಟಿನ ಕೆಸರು ಕೆರೆಯುತ್ತಾ, “ನನ್ನ ಭಾಷಣ ನಂಬಿ ಕೂರೋದು ಬೇಡ ಅಂತ ನಿಮ್ಮಪ್ಪನಿಗೆ ಹೇಳೋ,” ಅಂದರು. ಬೈಯಬೇಕು ಅಂದುಕೊಂಡಿದ್ದವನು ಅವರ ಚೀಲ ಬಸ್ಸಿಗೆ ಹತ್ತಿಸಿಕೊಟ್ಟೆ.

ಕಾಡನ್ನು ದೂರುವುದಕ್ಕೂ ನನಗೆ ಆಗುವುದಿಲ್ಲ ಅಮ್ಮ. ಜನ ಹೋದ ಗದ್ದೆಯಲ್ಲಿ ಹುಲ್ಲು ಎದೆಮಟ್ಟ ಬೆಳೆದಿದೆ. ಸಂಜೆ ಕಾಟಿಕೋಣಗಳು ಕರು ಕರೆದುಕೊಂಡು ಬಂದು ಚನ್ನಕೇಶವಣ್ಣನ ಅಂಗಳದಲ್ಲೇ ಮಲಗುತ್ತವೆ. ನೋಡಲು ಚೆಂದ. ಆದರೆ ಅವುಗಳಿಗೆ ಸಂಕ ಹಾಕಲು ಬರುವುದಿಲ್ಲ.

ನಿನಗೆ ಗೊತ್ತಲ್ಲ, ಮಳೆ ಹಿಡಿಯುವ ಮುಂಚೆ ಒಂದು ದಿನ ಏಳೂ ಮನೆಯ ಗಂಡಸರು ಸೇರಿ ಹೊಸ ಮರ ಎಳೆದು ಹಾಕುವುದು ನಮ್ಮಲ್ಲಿ ಪದ್ಧತಿ. ನೀವು ಹೆಂಗಸರು ದಡದಲ್ಲೇ ಒಲೆ ಹೂಡಿ ಕಡುಬು ಬೇಯಿಸುತ್ತಿದ್ದಿರಿ. ಹೋದ ವರ್ಷ ಮೂರು ಮನೆಯವರಿದ್ದೆವು, ಹೇಗೋ ಆಯಿತು. ಈ ಸಲ ಉಳಿದದ್ದು ನಾವಿಬ್ಬರೇ. ಆದರೂ ಅಪ್ಪ ಹೋದ ಸೋಮವಾರ ಬೆಳಿಗ್ಗೆ ಸ್ನಾನ ಮಾಡಿ ಹಗ್ಗ ಹೆಗಲಿಗೆ ಹಾಕಿಕೊಂಡು ಹೊರಟರು. ಗಾಳಿಗೆ ಬಿದ್ದಿದ್ದ ಬಗನೆ ಮರವನ್ನು ಇಬ್ಬರೂ ಉರುಳಿಸುತ್ತಾ ಹಳ್ಳದ ತನಕ ತಂದೆವು. ಅಷ್ಟರಲ್ಲಿ ಗಾರ್ಡ್ ಪ್ರಶಾಂತ್ ಬಂದ. ಅವನ ಮನೆಯವರೂ ಪಕ್ಕದ ಹಡ್ಲು ಬಿಟ್ಟು ಹೋದವರೇ. ಬಿದ್ದ ಮರವನ್ನೂ ಮುಟ್ಟುವ ಹಾಗಿಲ್ಲ ಮಂಜಯ್ಯೋರೇ ಎಂದು ಮೆತ್ತಗೆ ಹೇಳಿದ. ಅಪ್ಪ ತಲೆ ಎತ್ತಲಿಲ್ಲ. “ಕೇಸ್ ಹಾಕು ಮಾರಾಯ. ಅದಕ್ಕೂ ಮುಂಚೆ ಈ ಬುಡ ಸ್ವಲ್ಪ ಹಿಡಿ,” ಅಂದರು. ಅವನು ಅತ್ತಿತ್ತ ನೋಡಿ, ಟೋಪಿ ತೆಗೆದು ಕೊಂಬೆಗೆ ಸಿಕ್ಕಿಸಿ, ಹಿಡಿದ.

ಅಪ್ಪ ಹಗ್ಗ ಹಿಡಿದು ನೀರಿಗಿಳಿದು ಆಚೆ ದಡಕ್ಕೆ ಹೋದರು. ನಾವು ಈಚೆಯಿಂದ ತಳ್ಳಿದೆವು. ಆಚೆ ಎಳೆಯುವವರು ಒಬ್ಬರೇ ಆದರೆ ಮರದ ತುದಿ ಮೇಲೆ ಏಳುವುದಿಲ್ಲ. ನಡುವಿನ ತನಕ ಹೋದದ್ದು ವಾಲಿ ನೀರಿಗೆ ಬಿತ್ತು. ಮತ್ತೆ ಎಳೆದೆವು, ಮತ್ತೆ ಬಿತ್ತು. ಮೂರನೇ ಸಲ ಹಗ್ಗ ಅಪ್ಪನ ಅಂಗೈ ಸುಲಿದುಕೊಂಡು ಹೋಯಿತು. ಅವರು ಆಚೆ, ನಾನು ಈಚೆ. ಬಂಡೆ ಮೇಲೆ ಕೂತು ಟವೆಲನ್ನು ಕೈಗೆ ಸುತ್ತಿಕೊಂಡರು. ಆಮೇಲೆ ನೀರಿನ ಸದ್ದಿನಲ್ಲಿ ನನಗೆ ಕೇಳಲಿ ಎಂದು ಗಟ್ಟಿಯಾಗಿ ಹೇಳಿದರು: “ಸಾಕು ಬಾರೋ. ಅವಳನ್ನ ದಾಟಿಸಿ ತರೋಕೆ ನಮ್ಮಿಂದ ಆಗಲ್ಲ. ನಾವೇ ದಾಟಿ ಹೋಗೋಣ.”

ನಾನು ಇಷ್ಟು ವರ್ಷ ಕೇಳಬೇಕೆಂದಿದ್ದ ಮಾತು ಅದೇ ಅಮ್ಮ. ಕೇಳಿದ ಮೇಲೆ ಮರದ ಬುಡ ಬಿಡಲು ಕೈ ಬರಲಿಲ್ಲ. ಪ್ರಶಾಂತ್ ಬಂದು ಬೆರಳು ಬಿಡಿಸಿದ.

ಹಾಗಾಗಿ ನಿನ್ನನ್ನು ನೋಡಲು ಬರುತ್ತಿದ್ದೇವೆ. ಇಷ್ಟನ್ನೇ ಬರೆ ಎಂದು ಅಪ್ಪ ಹೇಳಿದ್ದಾರೆ. ಪ್ರಶಾಂತ್ ಈಗ ಕಳಸಕ್ಕೆ ಹೊರಟಿದ್ದಾನೆ, ಕಾಗದವನ್ನು ಚಿಕ್ಕಮಗಳೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಾನೆ. ಮಾವನಿಗೂ ಅತ್ತೆಗೂ ನನ್ನ ನಮಸ್ಕಾರ ಹೇಳು. ಹೊತ್ತಿಗೆ ಸರಿಯಾಗಿ ಮಾತ್ರೆ ತಗೋ.

ನಿನ್ನ ಮಗ,
ಅಶ್ವಿನ್

ಮತ್ತೆ: ಪ್ರಶಾಂತ್ ಬೈಕ್ ಸ್ಟಾರ್ಟ್ ಮಾಡಿಕೊಂಡು ಕಾಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ನಾವು ನೋಡಿ ವಾಪಸ್ ಬರಲು ಹೊರಟವರಲ್ಲ. ಅಪ್ಪ ಗುರುವಾರವೇ ಮನೆ ಬಿಡುವ ಒಪ್ಪಿಗೆಗೆ ಸಹಿ ಹಾಕಿದರು. ಅದನ್ನು ತಾನೇ ಎದುರು ಕೂತು ಹೇಳುತ್ತೇನೆ ಅನ್ನುತ್ತಾರೆ. ಅವರಿಂದ ಆಗುವುದಿಲ್ಲ. ನೀನು ಬಂದವರನ್ನು ನೋಡಿದ ಕೂಡಲೇ ಸಂಕ ಹಾಕಿದಿರಾ ಎಂದು ಕೇಳುತ್ತೀಯ, ಅವರು ಹಾಕಿದ್ದೇವೆ ಅಂದುಬಿಡುತ್ತಾರೆ. ಅದಕ್ಕೇ ಬರೆದೆ, ಅದೊಂದನ್ನು ಮಾತ್ರ ಕೇಳಬೇಡ. ಹೆಂಚು ಇಳಿಸಿಯಾಯಿತು, ನಿನ್ನ ಅಡುಗೆಮನೆಯದ್ದೂ. ನಾಳೆ ಬೆಳಿಗ್ಗೆ ಹೊರಡುತ್ತೇವೆ.