ಗವಿಯ ಜೇಡ ಮತ್ತು ನಾನು ಕೊಟ್ಟ ಅಪ್ಪಣೆ

ದೊಡ್ಡಬಳ್ಳಾಪುರ, ೧೯೭೩

ಮುನಿರಾಮಯ್ಯ,

ಇದನ್ನು ನಿನಗೆ ಕಳಿಸುವುದಿಲ್ಲ. ಇವತ್ತು ಬೆಟ್ಟದ ಗವಿಗೆ ಹೋಗಿದ್ದೆ. ಬಾವಲಿ ಹಿಕ್ಕೆಯಲ್ಲಿ ಹುಳುಗಳು ಗಿಜಿಗುಡುತ್ತಿದ್ದವು, ಅಸಹ್ಯಪಡುತ್ತಲೇ ದಾಟಿದೆ. ಅಲ್ಲಿನ ಉದ್ದಕಾಲಿನ ಜೇಡಗಳು ಗವಿಯಲ್ಲಿ ಕೂತಿರುವ ಸ್ವಾಮಿಯನ್ನು ಕಚ್ಚದಿರುವುದೇ ಪವಾಡವಂತೆ. ತಿಂಗಳಿಂದ ನೋಡುತ್ತಿದ್ದೇನೆ, ಅವು ಯಾರನ್ನೂ ಕಚ್ಚುವುದಿಲ್ಲ. ಅದನ್ನು ತೋರಿಸಲು ಒಂದನ್ನು ಎಲ್ಲರೆದುರು ನನ್ನ ಕೈಮೇಲೆ ಹತ್ತಿಸಿಕೊಂಡೆ.

ಜನ ನನ್ನ ಕಾಲಿಗೇ ಬಿದ್ದರು! ನನ್ನನ್ನು ಎತ್ತಿ ಆಡಿಸಿದ ಸೊಣ್ಣಮ್ಮಜ್ಜಿ ಜ್ವರದ ಮೊಮ್ಮಗುವನ್ನು ಮುಂದೆ ಮಲಗಿಸಿದಳು.

"ಅಜ್ಜಿ, ಆಸ್ಪತ್ರೆಗೆ ಕರ್ಕೊಂಡೋಗು."

"ನೀವು ಮುಟ್ಟುದ್ರೆ ಸಾಕು, ಸ್ವಾಮಿ."

ಮಗುವಿನ ಮೈ ಸುಡುತ್ತಿತ್ತು. ಕೈಯೆತ್ತಿ, "ಆಸ್ಪತ್ರೆಗೆ ಹೋಗು, ಇದು ನಮ್ಮ ಅಪ್ಪಣೆ" ಎಂದೆ. ಮಗುವನ್ನೆತ್ತಿಕೊಂಡು ಓಡಿದಳು.

ಜನರ ನಂಬಿಕೆಯನ್ನೇ ಬಳಸಿ ಒಳ್ಳೆಯದು ಮಾಡೋಣ ಎಂದು ನೀನು ಹೇಳಿದ್ದಕ್ಕೆ ನಿನ್ನನ್ನು ನಮ್ಮ ವಿಚಾರವಾದಿ ಸಂಘದಿಂದ ಹೊರಹಾಕಿದ್ದೆವು. ಮನೆಗೆ ಬಂದು ಸ್ನಾನ ಮಾಡಿದೆ, ಅಸಹ್ಯ ಹೋಗಲಿಲ್ಲ.

ಮಗು ಉಳಿದರೆ ಅದು ನನ್ನ ಪವಾಡವೆನ್ನುತ್ತಾರೆ. ಉಳಿಯಲಿ.