ಸ್ಕ್ಯಾನರ್ ಗಾಜಿನ ಮೇಲಿನ ಕುಂಕುಮ

ಕೊಳ್ಳೂರಹಳ್ಳಿ
ಫೆಬ್ರವರಿ 30, 2318

ಹೊನ್ನಾಳಗೇರಿ ಉಪಕಚೇರಿಯ ಗುಮಾಸ್ತೆ ಪಂಕಜಾಕ್ಷಮ್ಮನವರಿಗೆ, ಕಡತಗಾತಿ ಮಲ್ಲಾಜಮ್ಮ ಮಾಡುವ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ; ಮಿಕ್ಕ ಐದು ದಿನ ಊರೆಲ್ಲ ಸೇರಿ ಕೆರೆ ಹೂಳೆತ್ತುತ್ತೇವೆ. ನಿಮ್ಮ ಕಾಲದ ಕನ್ನಡವನ್ನು ನಿಮ್ಮ ಕಡತಗಳಿಂದಲೇ ಕಲಿತವಳು ನಾನು, ಮಾತು ಎಲ್ಲಾದರೂ ಎಡವಟ್ಟಾಗಿದ್ದರೆ ಕ್ಷಮಿಸಿ. ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ. ಈ ಕಾಗದ ನಿಮಗೆ ತಲುಪುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ, ಆದರೂ ಬರೆಯದಿದ್ದರೆ ನನ್ನ ತಲೆ ಸಿಡಿದುಹೋಗುತ್ತದೆ.

ನಾನು ಕೆಲಸ ಮಾಡುವ ಜಾಗಕ್ಕೆ ಓದುಗೂಡು ಎನ್ನುತ್ತಾರೆ. ನಿಮ್ಮ ಕಾಲದ ಸರ್ವರುಗಳನ್ನು ಇಟ್ಟ ಕಲ್ಲಿನ ನೆಲಮಾಳಿಗೆ ಅದು. ಬಿಸಿಲು ಏರಿದ ಮೇಲೆ ಎರಡು ಗಂಟೆ ಮಾತ್ರ ಅವುಗಳಿಗೆ ಕರೆಂಟು. ಹದಿನಾಲ್ಕು ತಿಂಗಳಿಂದ ಕಂಬಳಿ ಹೊದ್ದು ಕೂತು ಹುಡುಕುತ್ತಿರುವುದು ಒಂದೇ ಒಂದು: ನಮ್ಮ ಕೆರೆಯ ಸರ್ವೆ ನಂಬರು. ಪಕ್ಕದ ಊರಿನವರು ಕೆರೆ ತಮ್ಮದು ಎನ್ನುತ್ತಿದ್ದಾರೆ. ಯಾವ ನೀರು ಯಾರಿಗೆ ಎಂದು ತೀರ್ಮಾನಿಸುವ ನೀರ್ಪಂಚಾಯ್ತಿ ಬರುವ ಸೋಮವಾರ ಕೂರುತ್ತದೆ. ನಂಬರು ತೋರಿಸದಿದ್ದರೆ ನೂರ ನಲವತ್ತು ಮನೆಯವರು ಗಂಟುಮೂಟೆ ಕಟ್ಟಬೇಕು.

ಸರ್ವೆ ನಕ್ಷೆಗಳನ್ನು ಸ್ಕ್ಯಾನ್ ಮಾಡಿ ಕೇಂದ್ರ ಕಚೇರಿಗೆ ಕಳಿಸುವ ಮುಂಚೆ, ಮೆಷಿನ್ ಪರೀಕ್ಷೆಗೆಂದು ನೀವು ಕಳಿಸಿದ ಮೊದಲ ಹಾಳೆ ಸಿಕ್ಕಿದಾಗ ಎಷ್ಟು ಖುಷಿಪಟ್ಟೆ ಗೊತ್ತೇ. ಬಿಳಿ ಹಾಳೆಯ ನಡುವೆ ನಿಮ್ಮ ದುಂಡಗಿನ ಅಕ್ಷರದಲ್ಲಿ "ಸರ್, ಬಂತಾ?" ಎಂದಿತ್ತು. ಎರಡನೆಯದರಲ್ಲಿ "ಸರ್, ಈಗ ಬಂತಾ?" ಐದನೆಯದರಲ್ಲಿ "ಪಾಸ್‌ವರ್ಡ್ ಬದಲಾಯಿಸಿದ್ರೆ ಒಂದ್ ಮಾತು ಹೇಳ್ಬಾರ್ದಾ ಸರ್?" ಎಂಟನೆಯದರಲ್ಲಿ "ಫೋಲ್ಡರ್ ಪರ್ಮಿಶನ್ ಇಲ್ಲ ಅಂತಿದೆ, ಬೆಳಿಗ್ಗೆಯಿಂದ ಕಾಫಿನೂ ಕುಡಿದಿಲ್ಲ." ನಿಮ್ಮ ಪರವಾಗಿ ನಾನೂ ಆ ಕೇಂದ್ರ ಕಚೇರಿಯ ಸರ್‌ಗೆ ಶಾಪ ಹಾಕಿದೆ. ಹನ್ನೊಂದನೆಯ ಹಾಳೆಯಲ್ಲಿ "ಬಂತಂತೆ! ದೇವರು ದೊಡ್ಡೋನು" ಎಂದು ಬರೆದಿದ್ದಿರಿ. ಅಷ್ಟೂ ಹಾಳೆ ಕನ್ನಡಿಯಂತೆ ಸ್ವಚ್ಛ.

ಹನ್ನೆರಡನೆಯದರ ಅಂಚಿನಲ್ಲಿ ಚೆಂಡುಹೂವಿನ ಒಂದು ಎಸಳು, ಬಲಮೇಲಿನ ಮೂಲೆಯಲ್ಲಿ ಒಂದು ಕೆಂಪು ಬೊಟ್ಟು. ಮೆಷಿನ್ ಕೆಲಸ ಮಾಡಿತೆಂದು ಪೂಜೆ ಮಾಡಿದಿರಿ, ಮಾಡಿ, ಬೇಡವೆಂದವರು ಯಾರು? ಆದರೆ ಕುಂಕುಮ ಕಲಸಿ ಗಾಜಿಗೇ ಇಡುವುದೇ, ಪುಣ್ಯಾತ್ಗಿತ್ತಿ? ಅಲ್ಲಿಂದಾಚೆಗೆ ಮೂರು ಸಾವಿರದ ಎಂಟುನೂರು ಹಾಳೆಗಳಿಗೂ ಅದೇ ಜಾಗದಲ್ಲಿ ಅದೇ ಬೊಟ್ಟು. ಮಾಸುತ್ತ ಬಂದದ್ದನ್ನು ಆಯುಧಪೂಜೆಗೆ ಮತ್ತೆ ತಿದ್ದಿ ಇಟ್ಟಿದ್ದೀರಿ. ಸರ್ವೆ ನಕ್ಷೆಗಳಲ್ಲಿ ನಂಬರು ಬರೆಯುತ್ತಿದ್ದದ್ದು ಬಲಮೇಲಿನ ಮೂಲೆಯಲ್ಲಿ. ನಮ್ಮ ಕೆರೆ 2,214ನೇ ಹಾಳೆ. ತೂಬು ಕಾಣುತ್ತದೆ, ಕೋಡಿ ಕಾಣುತ್ತದೆ, ದಂಡೆಯ ಹುಣಸೆಮರ ಕೂಡ ಕಾಣುತ್ತದೆ. ನಂಬರಿನ ಮೇಲೆ ಮಾತ್ರ ಕುಂಕುಮ. ಕೊನೆಯ ಹಾಳೆಯಲ್ಲಿ, ಸ್ಕ್ಯಾನ್ ಆದ ಮೂಲ ಕಾಗದಗಳನ್ನು ವಿಲೇವಾರಿ ಮಾಡಲಾಗಿದೆ ಎಂಬ ಷರಾ ಬೇರೆ. ಓದಿ ಹಣೆ ಚಚ್ಚಿಕೊಂಡೆ.

ಆ ಸರ್ ಒಂದೇ ಒಂದು ಹಾಳೆ ತೆರೆದು ನೋಡಿದ್ದರೂ ಸಾಕಿತ್ತು. ನೀವು ಮತ್ತೆ ಮತ್ತೆ ಬಂತಾ ಎಂದು ಕೇಳಿದಿರಿ, ಓದಲು ಬರುತ್ತದೆಯೇ ಎಂದು ಒಂದು ಸಲವೂ ಕೇಳಲಿಲ್ಲ.

ಬೈಯುತ್ತಲೇ ಆ ಬೊಟ್ಟನ್ನು ನಿನ್ನೆ ದೊಡ್ಡದು ಮಾಡಿ ನೋಡಿದೆ, ಅಡಿಯಲ್ಲಿ ಅಂಕಿಯ ಸುಳಿವೇನಾದರೂ ಸಿಗಬಹುದೆಂದು. ಸಿಕ್ಕಿದ್ದು ನಿಮ್ಮ ಉಂಗುರ ಬೆರಳಿನ ಗೆರೆಗಳು. ನನ್ನ ಉಂಗುರ ಬೆರಳನ್ನೂ ಅದರ ಪಕ್ಕ ಹಿಡಿದು ನೋಡಿದೆ.

ದಮ್ಮಯ್ಯ, ಈ ಕಾಗದ ಹೇಗಾದರೂ ಕೈಸೇರಿದರೆ ಒದ್ದೆ ಬಟ್ಟೆಯಲ್ಲಿ ಗಾಜು ಒರೆಸಿ. ಕುಂಕುಮವನ್ನು ಮುಚ್ಚಳದ ಮೇಲೆ ಇಡಿ. 2,214ನೇ ಹಾಳೆಯನ್ನು ಇನ್ನೊಮ್ಮೆ ಕಳಿಸಿ, ಸೋಮವಾರದೊಳಗೆ.

ಆ ಸರ್ ನಿಮಗೆ ಸರಿಯಾಗಿ ಉತ್ತರಿಸಲಿಲ್ಲ, ನಾನು ಉತ್ತರಿಸುತ್ತೇನೆ. ಬಂತಮ್ಮ. ಮುನ್ನೂರು ವರ್ಷ ದಾಟಿ ನಿಮ್ಮ ಬೆರಳಿನ ಗುರುತೂ ಬಂತು. ನಮ್ಮ ಕೆರೆಯ ನಂಬರು ಬರಲಿಲ್ಲ.

ಮಲ್ಲಾಜಮ್ಮ