ಬಲಗಡೆಯ ಹೊರಚಕ್ರ

ಅಣ್ಣನಿಗೆ,

ಫೋನಿನಲ್ಲಿ ಮಾತು ಶುರುವಾದರೆ ಜಗಳಕ್ಕೇ ಹೋಗಿ ನಿಲ್ಲುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಹಳೇ ಟ್ರ್ಯಾಕ್ಟರಿಗೆ ಹಿಂದೆ ಜೋಡಿ ಚಕ್ರ ಹಾಕುತ್ತಿದ್ದೇನೆ, ಈಗಿರುವ ಚಕ್ರಗಳ ಹೊರಗೆ ಆ ಕಡೆಗೊಂದು, ಈ ಕಡೆಗೊಂದು. ಕೆಳಗಿನ ಹೊಲದ ಕೆಸರು ನಿನಗೆ ಗೊತ್ತೇ ಇದೆ. ಮೊದಲೆಲ್ಲ ಹೂತುಕೊಂಡರೆ ನೀನು ಬಯ್ಯುತ್ತಲೇ ಜೀಪಿಗೆ ಸರಪಳಿ ಕಟ್ಟಿ ಎಳೆಯುತ್ತಿದ್ದೆ. ನಾವು ಬೇರೆಯಾದ ಮೇಲೆ ಎಳೆಯುವವರಿಲ್ಲ. ಜೋಡಿ ಚಕ್ರವಿದ್ದರೆ ಹೂತುಕೊಳ್ಳುವುದಿಲ್ಲ, ಯಾರನ್ನೂ ಕರೆಯುವ ಹಂಗಿಲ್ಲ ಎಂದುಕೊಂಡೆ.

ಟೈರು ಅಂಗಡಿಯವನು ನಕ್ಕ. "ಒಬ್ರೇ ಹೆಂಗೆ ಹಾಕ್ತೀರಾ? ಒಬ್ರು ಚಕ್ರ ಹಿಡ್ಕೋಬೇಕು, ಇನ್ನೊಬ್ರು ನಟ್ಟು ಕೂರಿಸ್ಬೇಕು. ನಿಮ್ಮಣ್ಣ ಇದಾರಲ್ಲ?" ಅಂದ.

ಊರಲ್ಲಿಲ್ಲ ಅಂದೆ.

ಎಡಗಡೆಯದನ್ನು ಹಾರೆಯಿಂದ ಎತ್ತಿ, ಮೊಣಕಾಲು ಒತ್ತಿ ಹಿಡಿದು, ಒಬ್ಬನೇ ಕೂರಿಸಿದೆ. ಅರ್ಧ ದಿನ ಹಿಡಿಯಿತು. ಬೆರಳೊಂದು ಜಜ್ಜಿಹೋಗಿದೆ, ಅಂಥದ್ದೇನಿಲ್ಲ. ಅಕ್ಷರ ಸೊಟ್ಟಗಿರುವುದು ಅದಕ್ಕೇ.

ನಿನ್ನ ಹತ್ತಿರವಿರುವ ಉದ್ದ ಹಿಡಿಯ ಸ್ಪ್ಯಾನರು ಬೇಕಿತ್ತು. ಭಾನುವಾರ ಬೆಳಿಗ್ಗೆ ತಂದರೆ ಸಾಕು. ಯಾರ ಕೈಯಲ್ಲೂ ಕೊಟ್ಟು ಕಳಿಸಬೇಡ, ನೀನೇ ತಾ. ಮಾತಾಡಲೇಬೇಕು ಅಂತೇನಿಲ್ಲ, ಬೇಕಾದರೆ ಬಯ್ಯಿ.

ಬಲಗಡೆಯದನ್ನೂ ಹಾಗೇ ಒಬ್ಬನೇ ಹಾಕಿಬಿಡಬಹುದು. ಗೋಡೆಗೆ ಒರಗಿಸಿಟ್ಟು ನಾಲ್ಕು ದಿನವಾಯಿತು, ಇನ್ನೂ ಮುಟ್ಟಿಲ್ಲ.

ನಿನ್ನ ತಮ್ಮ